ಸುವಾನ್‌ನಲ್ಲಿ ಶನಿವಾರ, ಭಾನುವಾರ ಕೊರಿಯನ್ ಕಲಿಯೋಕೆ

ಕಲಬುರಗಿಯಿಂದ ಕೊರಿಯಾದ ಸುವಾನ್‌ಗೆ ಕೆಲಸಕ್ಕೆ ಹೊರಟಿದ್ದೀರಿ, ವಾರವಿಡೀ ಬಿಡುವಿಲ್ಲ, ಶನಿವಾರ ಭಾನುವಾರ ಭಾಷೆ ಕಲಿಸೋರು ಸಿಗ್ತಾರಾ ಅಂತ ಕೇಳಿದ್ದೀರಿ. ಖಂಡಿತ ಸಿಗ್ತಾರೆ. ನಾನು ಬೀದರಿನವನು, ಅಲ್ಲೇ ದುಡಿದು ಬಂದಿದ್ದೇನೆ.

ಜಾಸ್ತಿ ದುಡ್ಡು ಕೊಟ್ಟು ಟ್ಯೂಷನ್ ಸೇರುವ ಮೊದಲು ಅಲ್ಲಿನ ನ್ಯಾಯ ಸಚಿವಾಲಯದ ಕೆಐಐಪಿ (ವಿದೇಶಿಯರಿಗೆ ಕೊರಿಯನ್ ಭಾಷೆ, ಅಲ್ಲಿನ ಸಮಾಜದ ಬಗ್ಗೆ ಕಲಿಸುವ ಕಾರ್ಯಕ್ರಮ) ಕ್ಲಾಸ್ ನೋಡ್ರಿ. ಸೊನ್ನೆಯಿಂದ ಐದರವರೆಗೆ ಹಂತಗಳಿವೆ. ಒಂದರಿಂದ ನಾಲ್ಕರವರೆಗೆ ಪ್ರತಿ ಹಂತಕ್ಕೂ 100 ಗಂಟೆ ಪಾಠ. ವಾರಾಂತ್ಯದ ಬ್ಯಾಚ್ ನಡೆಸುವ ಕೇಂದ್ರಗಳೂ ಇವೆ. ಆ ಸೀಟು ಬೇಗ ತುಂಬುತ್ತವೆ, ನೋಂದಣಿ ಶುರುವಾದ ದಿನವೇ ಹೆಸರು ಹಾಕಿ. ಹಾಜರಿ ಶೇ. 80 ಇರಲೇಬೇಕು. ಶನಿವಾರ ಓವರ್‌ಟೈಮ್ ಬೇಡ ಅಂತ ಮ್ಯಾನೇಜರ್‌ಗೆ ಮೊದಲೇ ಹೇಳಿಡಿ. ಮುಂದೆ ಅಲ್ಲೇ ಕಾಯಂ ಉಳಿಯೋ ಮನಸ್ಸಾದ್ರೆ ಈ ಕೋರ್ಸ್ ವೀಸಾಕ್ಕೂ ನೆರವಾಗುತ್ತೆ.

ಸೇರೋಕೆ ವಿದೇಶಿಯರ ನೋಂದಣಿ ಕಾರ್ಡ್ ಬೇಕು. ಅನುಮಾನ ಇದ್ರೆ ಅಲ್ಲಿಂದ ವಿದೇಶಿಯರ ಸಹಾಯವಾಣಿ 1345ಕ್ಕೆ ಫೋನ್ ಮಾಡಿ, ಇಂಗ್ಲಿಷ್‌ನಲ್ಲೂ ಮಾತಾಡ್ತಾರೆ.

ಹೊರಡೋ ಮೊದಲು ಹಂಗುಲ್ ಲಿಪಿ ಮನೆಯಲ್ಲೇ ಕಲಿತುಬಿಡಿ. ಮೂಲ ಅಕ್ಷರಗಳು 24 ಮಾತ್ರ. ವ್ಯಾಕರಣಕ್ಕೆ ಹೆದರಬೇಡಿ. ನಮ್ಮ ಹಾಗೇ ಅವರದೂ ಕ್ರಿಯಾಪದ ಕೊನೆಗೆ ಬರುತ್ತೆ, ನಾಮಪದಕ್ಕೆ ವಿಭಕ್ತಿ ಥರದ ಪ್ರತ್ಯಯ ಹತ್ತುತ್ತೆ. ದೊಡ್ಡವರ ಜೊತೆ ಮಾತಾಡೋ ರೀತಿ ಬೇರೆ, ಗೆಳೆಯರ ಜೊತೆ ಬೇರೆ. ಇಂಗ್ಲಿಷ್ ಮೂಲಕ ಯೋಚಿಸದೆ ನೇರವಾಗಿ ಕನ್ನಡದಿಂದ ಹೋಗಿ, ವಾಕ್ಯ ತಾನಾಗೇ ಕೂಡುತ್ತೆ.

ರೂಮ್ ಯಾವ ಏರಿಯಾ ಅಂತ ಗೊತ್ತಾದ ಮೇಲೆ ಬರೆಯಿರಿ, ಹತ್ತಿರದ ಕೇಂದ್ರ ಹುಡುಕೋಣ.