ಉತ್ತರ ಗೊತ್ತು, ಬಾಯಿಗೆ ಬರಲ್ಲ

ಚಿಕ್ಕಬಳ್ಳಾಪುರ ಜಿಲ್ಲೆಯ ಪ್ರಥಮ ಪಿಯು ವಿದ್ಯಾರ್ಥಿನಿಯ ವಿಷಯ ಇದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಊರು ಬಾಗೇಪಲ್ಲಿ ಕಡೆ, ಮನೆಮಾತು ತೆಲುಗು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಇಂಗ್ಲಿಷಿನಲ್ಲಿ ವಿಜ್ಞಾನ. ಭೌತಶಾಸ್ತ್ರದ ಪೀರಿಯಡ್ ಇದ್ದ ದಿನ ಬೆಳಿಗ್ಗೆಯೇ ಹೊಟ್ಟೆನೋವು. ರಜೆ ಜಾಸ್ತಿಯಾದಾಗ ತಾಯಿ ಸಲಹೆ ಕೇಳಲು ನನ್ನ ಬಳಿ ಕರೆತಂದರು. "ಇವಳಿಗೆ ಧೈರ್ಯ ಸಾಲದು ಮೇಡಂ" ಅಂದರು.

ನನಗೆ ಹಾಗನ್ನಿಸಲಿಲ್ಲ. ಗೆಳತಿಯರ ಜೊತೆ ಚೆನ್ನಾಗಿ ಹರಟುತ್ತಾಳೆ, ಅಂಗಡಿಯಲ್ಲಿ ಚೌಕಾಸಿ ಮಾಡುತ್ತಾಳೆ. ಮಾತಿನ ಅಳುಕು ಅಳೆಯಲು ಅಮೆರಿಕದ ಸಂವಹನ ಸಂಶೋಧಕ ಜೇಮ್ಸ್ ಮೆಕ್ರಾಸ್ಕಿ ರೂಪಿಸಿದ 24 ಹೇಳಿಕೆಗಳ ಪಟ್ಟಿಯೂ ಗುಂಪು ಚರ್ಚೆ, ಸಭೆ, ಇಬ್ಬರ ಮಾತುಕತೆ, ಭಾಷಣಗಳನ್ನು ಬೇರೆಬೇರೆಯಾಗಿಯೇ ನೋಡುತ್ತದೆ. ಇವಳ ಗಂಟಲು ಒಣಗುವುದು ಆ ಒಂದು ತರಗತಿಯಲ್ಲಿ. ಅಲ್ಲಿ ಏನಾಗುತ್ತೆ ಅಂತ ಕೇಳಿದೆ.

ಉಪನ್ಯಾಸಕರು ಸಾಲಾಗಿ ರೋಲ್ ನಂಬರ್ ಕೂಗುತ್ತಾರೆ. ಎದ್ದು ನಿಂತು ತಕ್ಷಣ ಇಂಗ್ಲಿಷಿನಲ್ಲೇ ಹೇಳಬೇಕು. ತಪ್ಪಿದರೆ ಅರ್ಧಕ್ಕೇ ತಡೆದು ತಿದ್ದುತ್ತಾರೆ, ಉಳಿದವರು ನಗುತ್ತಾರೆ. ಉತ್ತರ ಬರುವವರೆಗೆ ನಿಂತೇ ಇರಬೇಕು. "ನನ್ನ ನಂಬರ್ ಹತ್ತಿರ ಬಂದಾಗ ಪಾಠ ಕಿವಿಗೇ ಬೀಳಲ್ಲ" ಅಂದಳು. ಕೇಳಿ ಸಂಕಟವಾಯಿತು. ಓದಿಕೊಂಡು ಬರುವ ಹುಡುಗಿ ಇವಳು. ಯೋಚನೆ ಒಂದು ಭಾಷೆಯಲ್ಲಿ, ಹೇಳುವುದು ಇನ್ನೊಂದರಲ್ಲಿ ಅಂದಾಗ ಸಮಯ ಬೇಕು ಅಲ್ವಾ?

ಅವಳಿಗೆ ಮೊದಲು ಹೇಳಿದ್ದು, ರಜೆ ಹಾಕಬೇಡ. ತಪ್ಪಿಸಿಕೊಂಡರೆ ಇವತ್ತಿಗೆ ಹಗುರ, ಆದರೆ ಮುಂದಿನ ಸಲ ಭಯ ಇನ್ನೂ ಜಾಸ್ತಿ. ಹಿಂದಿನ ರಾತ್ರಿ ಪಾಠದ ಮುಖ್ಯ ಪದಗಳನ್ನು ಬರೆದುಕೊಂಡು ಒಬ್ಬ ಗೆಳತಿಗೆ ಜೋರಾಗಿ ಹೇಳು, ಆಮೇಲೆ ಮೂರ್ನಾಲ್ಕು ಜನಕ್ಕೆ. ತರಗತಿಯಲ್ಲಿ ಒಂದೇ ವಾಕ್ಯ ಹೇಳಿದರೂ ಸಾಕು.

ಅವಳ ಒಪ್ಪಿಗೆ ಪಡೆದು ಉಪನ್ಯಾಸಕರ ಜೊತೆಗೂ ಮಾತಾಡಿದೆ. ನನ್ನ ಪ್ರಕಾರ ಇದೇ ಮುಖ್ಯ. ಭಯ ಹುಟ್ಟಿಸುವ ಪದ್ಧತಿ ಹಾಗೇ ಇದ್ದರೆ ಹುಡುಗಿಯೊಬ್ಬಳನ್ನೇ ತಿದ್ದಿ ಏನು ಪ್ರಯೋಜನ? ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಗಮನಿಸಿದ್ದರು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು ಒಂದೇ ಸೆಕೆಂಡು. ಅದು ಮೂರು ಸೆಕೆಂಡಾದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಪ್ರಶ್ನೆ ಮೊದಲು ಎಲ್ಲರಿಗೂ ಕೇಳಿ, ಪಕ್ಕದವರ ಜೊತೆ ಚರ್ಚಿಸಲು ಬಿಡಿ, ಕನ್ನಡದಲ್ಲಿ ಶುರು ಮಾಡಿದರೂ ಪರವಾಗಿಲ್ಲ, ಹೇಳಿ ಮುಗಿಸಿದ ಮೇಲೆ ತಿದ್ದಿ ಅಂದೆ. "ಸಿಲೆಬಸ್ ಮುಗಿಯಲ್ಲ" ಅಂದರು. ನಿಜವಾದ ಕಷ್ಟವೇ. ಕೊನೆಗೆ ಉತ್ತರ ಬರುವವರೆಗೆ ನಿಲ್ಲಿಸುವುದನ್ನು ಬಿಟ್ಟರು, ಜೋಡಿ ಚರ್ಚೆಗೂ ಒಪ್ಪಿದರು.

ಈಗ ಕಾಲೇಜು ತಪ್ಪಿಸುತ್ತಿಲ್ಲ. ಸೆಮಿನಾರ್ ಅಂದರೆ ಇನ್ನೂ ನಡುಕ ಇದೆ. ಅದಕ್ಕೆ ಸದ್ಯ ಒತ್ತಾಯ ಬೇಡ ಎಂದಿದ್ದೇನೆ. ನಿದ್ದೆ, ಊಟ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಎಂದು ತಾಯಿಗೆ ನಂಬರ್ ಬರೆದುಕೊಟ್ಟೆ.