ಅಕ್ಕಿಯ ಹಿಂದೆ ಒಲೆಯೂ ಹೋಗಬೇಕು

ಪ್ರಶ್ನೆ: ಮ್ಯಾನ್ಮಾರಿನಿಂದ ಬಾಂಗ್ಲಾದೇಶಕ್ಕೆ ಓಡಿಬಂದ ರೋಹಿಂಗ್ಯಾ ನಿರಾಶ್ರಿತರಿಗೆ ನಮ್ಮ ಸರ್ಕಾರ ಸೀಮೆಎಣ್ಣೆ, ಸ್ಟೌ ಎಲ್ಲ ಕಳಿಸಿತ್ತಂತೆ. ಅದರ ಬದಲು ದುಡ್ಡನ್ನೇ ಕೊಡಬಹುದಿತ್ತಲ್ಲವೇ?
– ಓದುಗರು, ಶಿವಮೊಗ್ಗ

ಉತ್ತರ: ದುಡ್ಡು ಕೊಟ್ಟರೆ ಕೊಳ್ಳಲು ಅಂಗಡಿಯಲ್ಲಿ ಸಾಮಾನೂ ಇರಬೇಕು. 2017ರ ಆಗಸ್ಟ್ ಕೊನೆಯಿಂದ ಕೆಲವೇ ತಿಂಗಳಲ್ಲಿ ಕಾಕ್ಸ್ ಬಜಾರ್ ಜಿಲ್ಲೆಗೆ ಬಂದು ಸೇರಿದವರು ಏಳು ಲಕ್ಷದಷ್ಟು ಜನ. ಅಷ್ಟು ಮಂದಿ ಒಮ್ಮೆಲೇ ಸಂತೆಗಿಳಿದರೆ ಬೆಲೆ ಏರಿ, ಸ್ಥಳೀಯ ಬಡವರಿಗೂ ಅಕ್ಕಿ ಕೈಗೆಟಕುವುದಿಲ್ಲ. ಹಾಗಾಗಿ ಮೊದಲ ವಾರಗಳಲ್ಲಿ ಸಾಮಾನು ಕಳಿಸುವುದೇ ಸರಿ.

‘ಆಪರೇಷನ್ ಇನ್ಸಾನಿಯತ್’ ಹೆಸರಿನಲ್ಲಿ ಭಾರತ ಮಾಡಿದ್ದೂ ಅದನ್ನೇ. ಸೆಪ್ಟೆಂಬರ್ 14ರಂದು ವಾಯುಪಡೆಯ ಸಿ-17 ವಿಮಾನ 53 ಟನ್ ಹೊತ್ತು ಚಿತ್ತಗಾಂಗ್‌ನಲ್ಲಿ ಇಳಿಯಿತು. ಸುದ್ದಿಯಾದದ್ದು ವಿಮಾನ, ಬಹುಪಾಲು ಸಾಮಾನು ಸಾಗಿಸಿದ್ದು ನೌಕಾಪಡೆಯ ಹಡಗು. ಅಕ್ಕಿ, ಬೇಳೆ, ಸಕ್ಕರೆ, ಉಪ್ಪು, ಎಣ್ಣೆ, ಸೊಳ್ಳೆ ಪರದೆ, ಸೋಪು ಎಲ್ಲ ಸೇರಿ ಮೊದಲ ಕಂತು 981 ಟನ್, ಮೂರು ಲಕ್ಷ ಜನರಿಗೆ. ತಲೆಗೆ ಮೂರೂಕಾಲು ಕೆಜಿ ಆಯಿತು. ದಿನಕ್ಕೆ 2,100 ಕ್ಯಾಲೊರಿಯ ಲೆಕ್ಕ ಹಿಡಿದರೆ ಹೆಚ್ಚೆಂದರೆ ಐದಾರು ದಿನದ ಊಟ! ಆಮೇಲೆ ಅವರ ಹೊಟ್ಟೆ ನೋಡಿಕೊಂಡದ್ದು ವಿಶ್ವ ಆಹಾರ ಕಾರ್ಯಕ್ರಮ.

ಇನ್ನು ಸ್ಟೌ. ಅಕ್ಕಿ ಬೇಯಲು ಉರುವಲು ಬೇಕು. ಅದನ್ನು ಯಾರೂ ಕೊಡದಿದ್ದಾಗ ಜನ ಕಾಡಿಗೆ ಹೋದರು. ನಿರಾಶ್ರಿತರ ಶಿಬಿರವಿರುವ ಕುಟುಪಾಲಾಂಗ್ ಸುತ್ತಲಿನ ಗುಡ್ಡಗಳು ಬೋಳಾದವು, ಬೇರು ಹಿಡಿದಿಡದ ಮಣ್ಣು ಮಳೆಗೆ ಕುಸಿಯತೊಡಗಿತು. 2018ರ ಸೆಪ್ಟೆಂಬರಿನಲ್ಲಿ ಭಾರತ 11 ಲಕ್ಷ ಲೀಟರ್ ಸೀಮೆಎಣ್ಣೆ, 20,000 ಸ್ಟೌ ಕೊಟ್ಟದ್ದು ಈ ಹಿನ್ನೆಲೆಯಲ್ಲಿ. ಒಂದು ಸ್ಟೌಗೆ 55 ಲೀಟರ್. ದಿನಕ್ಕೊಂದು ಲೀಟರ್ ಉರಿಸಿದರೆ ಎರಡು ತಿಂಗಳೂ ಬಾರದು. ಎಣ್ಣೆ ಮುಗಿದ ಮೇಲೆ ಸ್ಟೌ ಬರೀ ತಗಡು. ಬಿದಿರು, ಟಾರ್ಪಾಲಿನ ಗುಡಿಸಲಲ್ಲಿ ಬೆಂಕಿಯ ಭಯ ಬೇರೆ. ಗ್ಯಾಸ್ ಸಿಲಿಂಡರ್ ಹಂಚಿ, ಖಾಲಿಯಾದಾಗ ತುಂಬಿಸಿಕೊಟ್ಟ ವಿಶ್ವಸಂಸ್ಥೆಯ ದಾರಿಯೇ ಬಾಳಿಕೆಯದು ಎನ್ನಬೇಕು.

ಪ್ರಶ್ನೆ: ಶಿಬಿರದ ಮಕ್ಕಳಿಗೆ ಹಾಲಿನ ಪುಡಿ ಒಳ್ಳೆಯದಲ್ಲವೇ?
– ಓದುಗರು, ಧಾರವಾಡ

ಉತ್ತರ: ಒಳ್ಳೆಯ ನೀರಿದ್ದರೆ. 2018ರ ಮೇ ತಿಂಗಳ ಎರಡನೆಯ ಕಂತಿನಲ್ಲಿ ಭಾರತ 104 ಟನ್ ಹಾಲಿನ ಪುಡಿ ಕಳಿಸಿತ್ತು. ಕೂಸುಗಳ ವಿಷಯದಲ್ಲಿ ಇದು ನಾಜೂಕಿನ ಸಾಮಾನು. ಕಲುಷಿತ ಕೊಳವೆಬಾವಿ ನೀರಲ್ಲಿ ಕಲಸಿದರೆ ಭೇದಿ. ಡಬ್ಬಿ ಹೆಚ್ಚು ದಿನ ಬರಲೆಂದು ತೆಳ್ಳಗೆ ಕಲಸಿದರೆ ಪೌಷ್ಟಿಕತೆ ಸಾಲದು. ಮೊಲೆಹಾಲು ಬಿಡಿಸಿದರೆ ತಾಯಿಗೆ ಹಾಲೂ ಇಂಗುತ್ತದೆ. ಆದ್ದರಿಂದ ಪುಡಿಯನ್ನು ಮನೆಮನೆಗೆ ಬಿಡಿಯಾಗಿ ಹಂಚುವುದು ಸಲ್ಲ. ಹಿಟ್ಟಿನೊಂದಿಗೆ ಮೊದಲೇ ಬೆರೆಸಿ, ಗಂಜಿಯಾಗಿ ಕುದಿಸಿ, ಆರು ತಿಂಗಳು ದಾಟಿದ ಮಕ್ಕಳಿಗೆ ಕೊಡಬಹುದು. ಅದಕ್ಕಿಂತ ಚಿಕ್ಕ ಕೂಸಿದ್ದರೆ ಆ ತಾಯಿಗೆ ಬೇಳೆ, ಎಣ್ಣೆ ಹೆಚ್ಚಿಗೆ ಕೊಡಿ.