ಅವಳನ್ನೇ ಕೇಳಲಿ, ಕಾಯಲಿ

ಟ್ಯಾಬ್ಲೆಟ್‌ನಲ್ಲಿ ಚಿತ್ರ ಒತ್ತಿ ಮಾತಾಡುವ ಮಗಳನ್ನು ಬಿಟ್ಟು ನೆಂಟರು ನಿಮ್ಮನ್ನೇ ಕೇಳ್ತಾರೆ, ಏನು ಮಾಡೋದು ಅಂದಿದ್ದೀರಿ. ನೀವು ಉತ್ತರ ಕೊಡಲೇಬೇಡಿ. "ಅವಳನ್ನೇ ಕೇಳಿ" ಅಂದು ಸುಮ್ಮನಿದ್ದುಬಿಡಿ. ಬಾಯಿಮಾತು ನಿಮಿಷಕ್ಕೆ 120–150 ಪದ ಸಲೀಸಾಗಿ ಓಡುತ್ತೆ. ಮಾತಾಡಲು ಇಂಥ ಸಾಧನ ಬಳಸುವ ಎಷ್ಟೋ ಜನರಿಗೆ 15 ದಾಟುವುದೂ ಕಷ್ಟ. ಆ ಬಿಡುವನ್ನು 'ಇವಳಿಗೆ ಅರ್ಥವಾಗಿಲ್ಲ' ಅಂದುಕೊಳ್ಳುವುದೇ ದೊಡ್ಡ ತೊಡಕು. ಕಂಪ್ಯೂಟರ್ ಧ್ವನಿಯಲ್ಲಿ ಮಾತಾಡುತ್ತಿದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಉತ್ತರಕ್ಕೆ ಸಭೆಗಳೇ ಕಾಯುತ್ತಿದ್ದವು, ನಿಮ್ಮ ನೆಂಟರಿಗೆ ಅರ್ಧ ನಿಮಿಷ ಆಗಲ್ವಾ? ಅವಳ ವಾಕ್ಯವನ್ನು ತಾವೇ ಮುಗಿಸುವುದು, ಕೇಳದೆ ಪರದೆಗೆ ಇಣುಕುವುದು, ಎರಡೂ ಬೇಡ.

ಸಾಧನದಿಂದ ಬಾಯಿಮಾತು ನಿಂತುಹೋಗುತ್ತೆ ಅನ್ನುವವರಿಗೆ ಹೇಳಿ: ಸಂಶೋಧನೆಗಳಲ್ಲಿ ಹಾಗೆ ಕಂಡಿಲ್ಲ, ಕೆಲವು ಮಕ್ಕಳ ಮಾತು ತುಸು ಹೆಚ್ಚಿದ್ದೂ ಇದೆ.

ಗೇಲಿ, ಜಗಳದ ಪದಗಳನ್ನೂ ಅದಕ್ಕೆ ತುಂಬಿಸಿ. ಬರೀ 'ನೀರು ಬೇಕು' ಇಟ್ಟುಕೊಂಡು ಹರಟೆ ಹೇಗೆ ಹೊಡೆದಾಳು?